ಮನೆಯಲ್ಲಿ ಕರೆಯದ ಹೆಸರು

ಆಂಡರ್ಸನ್‌ಪೇಟೆ
9 ಜನವರಿ 2025

ಸುಕನ್ಯಾ,

ಕವರಿನ ಮೇಲೆ ನನ್ನ ಕೈಬರಹ ನೋಡಿದ ಕೂಡಲೇ ಇದನ್ನು ಒಲೆಗೆ ಹಾಕೋಣ ಅಂದುಕೊಂಡಿರುತ್ತೀಯ. ಹಾಕುವ ಮುಂಚೆ ಒಂದು ಪುಟ ಓದು. ಫೋನು ಮಾಡೋಣವೆಂದರೆ ನನ್ನ ನಂಬರನ್ನು ನೀನು ಬ್ಲಾಕ್ ಮಾಡಿ ಎರಡು ವರ್ಷವಾಯಿತು. ಮನೆಗೇ ಬರೋಣವೆಂದರೆ, ಬಾಗಿಲಲ್ಲಿ ಪೊಲೀಸಿನವಳು ನಿಂತಿದ್ದಾಳೆ ಅಂದ ಮೇಲೆ ಅಮ್ಮ ಕೆಟ್ಟದ್ದನ್ನೇ ಯೋಚಿಸುತ್ತಾರೆ. ಹಾಗಾಗಿ ಅಂಚೆಯೇ ಗತಿ. ಪಿಯುಸಿಯಲ್ಲಿ ಮಾರಿಕುಪ್ಪಂ ರೈಲಿನಲ್ಲಿ ಕೂತು ಒಬ್ಬರಿಗೊಬ್ಬರು ಚೀಟಿ ಬರೆದು ಎಸೆಯುತ್ತಿದ್ದೆವಲ್ಲ, ಇದೂ ಅಂಥದ್ದೇ ಒಂದು ಚೀಟಿ ಅಂದುಕೋ.

ನಾನೀಗ ನಿಮ್ಮ ಕಡೆಯ ಠಾಣೆಯಲ್ಲಿಲ್ಲ. ವರ್ಗವಾಗಿ ರಾಬರ್ಟ್‌ಸನ್‌ಪೇಟೆಯಲ್ಲಿ ಕಂಪ್ಯೂಟರ್ ವಿಭಾಗಕ್ಕೆ ಬಂದಿದ್ದೇನೆ. ಹೋದ ತಿಂಗಳು ನಮಗೊಂದು ತರಬೇತಿ ಆಯಿತು. ಮೊದಲೆಲ್ಲ ಪೊಲೀಸರ ದಾಖಲೆ ಪೊಲೀಸರ ಹತ್ತಿರ, ಕೋರ್ಟಿನದು ಕೋರ್ಟಿನಲ್ಲಿ, ಜೈಲಿನದು ಜೈಲಿನಲ್ಲಿ ಇರುತ್ತಿತ್ತು. ಈಗ ಮೂರನ್ನೂ ಒಂದೇ ಪರದೆಯ ಮೇಲೆ ನೋಡಬಹುದು, ಬೇರೆ ರಾಜ್ಯದ್ದೂ ಸೇರಿ. ಹೆಸರು ಹಾಕಿ ಸಿಗದಿದ್ದರೆ ಹೆಸರು ಬಿಟ್ಟು ಹುಡುಕಿ ಅಂತ ತರಬೇತಿ ಕೊಟ್ಟವರು ಹೇಳಿದರು. ಆ ಮಾತು ಕಿವಿಯಲ್ಲೇ ಉಳಿಯಿತು.

ನಿನ್ನ ತಮ್ಮ ಚಿನ್ನಪ್ಪ ಬಂಗಾರಪೇಟೆ ಜಂಕ್ಷನ್ನಿನಿಂದ ಕಾಣೆಯಾಗಿ ಬರುವ ಜೂನಿಗೆ ಮೂರು ವರ್ಷ. ನಾನು ಮರೆತಿದ್ದೇನೆ ಅಂತ ನೀನು ತಿಳಿದಿದ್ದೀಯ. ಪ್ರತಿ ತಿಂಗಳು ಅವನ ಹೆಸರು ಹಾಕಿ ಹುಡುಕಿದ್ದೇನೆ, ಪ್ರತಿ ಸಲವೂ ಖಾಲಿ. ಈ ಸಲ ಹೆಸರು ಬಿಟ್ಟು ವಯಸ್ಸು, ತಾಲ್ಲೂಕು, ಎಡಹುಬ್ಬಿನ ಮೇಲೆ ಹಸು ತಿವಿದ ಗಾಯ, ಇಷ್ಟು ಹಾಕಿದೆ. ಒಬ್ಬ ಸಿಕ್ಕಿದ್ದಾನೆ. ಅವನು ಇವನೇ ಹೌದೋ ಅಲ್ಲವೋ ಹೇಳಲಾರೆ, ಯಾಕೆಂದರೆ ಹೆಸರು ಬೇರೆ ಇದೆ, ಊರು, ಫೋಟೋ ಇರುವ ಪೂರ್ತಿ ದಾಖಲೆ ಇನ್ನೂ ನನಗೆ ಸಿಕ್ಕಿಲ್ಲ. ನನಗೆ ಬೇಕಾಗಿರುವುದು ಒಂದೇ ಉತ್ತರ. ಚಿನ್ನಪ್ಪನಿಗೆ ಶಾಲೆಯಲ್ಲಿ ಬೇರೆ ಹೆಸರಿತ್ತಾ?

ಅಮ್ಮನಿಗೆ ಈಗಲೇ ಏನೂ ಹೇಳಬೇಡ. ಅಲ್ಲ ಅಂತಾಗಿಬಿಟ್ಟರೆ, ಅಪ್ಪನೂ ಇಲ್ಲದ ಮನೆಯಲ್ಲಿ ಅವರನ್ನು ಹಿಡಿಯುವವರು ಯಾರು?

ಉತ್ತರ ಬರುತ್ತದೆ ಅಂತ ನಂಬಿಕೊಂಡಿರುವ,
ಶಶಿರೇಖ


ಚಿಕ್ಕಗುಟ್ಲಹಳ್ಳಿ
18 ಜನವರಿ 2025

ಶಶಿರೇಖ ಮೇಡಂ ಅವರಿಗೆ,

ಒಲೆಗೆ ಹಾಕಲಿಲ್ಲ. ನಮ್ಮ ಮನೆಗೆ ಗ್ಯಾಸ್ ಬಂದು ಎರಡು ವರ್ಷವಾಯಿತು. ಬಂದು ಹೋಗಿ ಮಾಡುವವಳಾಗಿದ್ದರೆ ನಿನಗದು ಗೊತ್ತಿರುತ್ತಿತ್ತು.

ಮೇಡಂ ಅಂದದ್ದಕ್ಕೆ ಬೇಜಾರಾಯಿತೇ? ಅವತ್ತು ಠಾಣೆಯಲ್ಲಿ ಎಲ್ಲರೆದುರು ನೀನು ನನಗೆ ಹೇಳಿದ್ದನ್ನು ನೆನಪು ಮಾಡಿಕೋ. “ಏನಮ್ಮಾ, ವಾರ ವಾರ ಬಂದ್ರೆ ಕಂಪ್ಯೂಟರ್ ಹೆತ್ತು ಕೊಡುತ್ತಾ?” ಬೈದದ್ದನ್ನು ಮರೆತೇನು ಶಶಿ, ಆ ‘ಏನಮ್ಮಾ’ ಮರೆಯಲಾಗಲಿಲ್ಲ. ನಮ್ಮ ಮನೆಯ ಮುದ್ದೆ ತಿಂದು, ನನ್ನ ಲಂಗದಾವಣಿ ಹಾಕಿಕೊಂಡು ಕಾಲೇಜಿಗೆ ಹೋದವಳು ನನ್ನನ್ನು ದಾರಿಹೋಕಳ ಹಾಗೆ ಕರೆದೆ. ಬಸ್ ಸ್ಟ್ಯಾಂಡಿನಲ್ಲಿ ನಿಂತೇ ನಿನ್ನ ನಂಬರ್ ಬ್ಲಾಕ್ ಮಾಡಿದೆ.

ಕಾಗದವನ್ನು ಒಂದು ವಾರ ಹಾಲಿನ ಡೈರಿಯ ಮೇಜಿನಲ್ಲಿ ಇಟ್ಟುಕೊಂಡಿದ್ದೆ. ಬೆಳಿಗ್ಗೆ ಹಾಲು ಅಳೆಯುವಾಗೊಮ್ಮೆ, ಸಂಜೆ ಅಳೆಯುವಾಗೊಮ್ಮೆ ಓದುತ್ತಿದ್ದೆ. ಸಂಕ್ರಾಂತಿ ಕಳೆಯಲಿ ಅಂತ ಕಾದೆ. ಇನ್ನು ತಡೆಯಲಾರೆ, ಹೇಳಿಬಿಡುತ್ತೇನೆ.

ಇತ್ತು. ಅವನಿಗೆ ನಮ್ಮ ತಾತನ ಹೆಸರಿಟ್ಟಿದ್ದರು, ಮುನಿಸ್ವಾಮಪ್ಪ ಅಂತ. ಆದರೆ ತಾತ ಅಂದರೆ ಅಮ್ಮನಿಗೆ ಮಾವ. ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವಂತಿಲ್ಲ. ಹಾಗಾಗಿ ಹೆತ್ತ ಮಗನನ್ನೂ ಆ ಹೆಸರಿನಿಂದ ಒಂದು ದಿನ ಕರೆದವಳಲ್ಲ. ಚಿಕ್ಕವನು ಅನ್ನುವುದಕ್ಕೆ ತೆಲುಗಿನಲ್ಲಿ ಚಿನ್ನೋಡು ಅಂದಳು, ಊರಿನವರು ಅದನ್ನೇ ಚಿನ್ನಪ್ಪ ಮಾಡಿಕೊಂಡರು. ಅಮ್ಮನ ನಿಷ್ಠೆ ಎಷ್ಟು ಅಂದರೆ ಅದೇ ಹೆಸರಿನ ಅಂಗಡಿಯವನನ್ನು ‘ಅಂಗಡಿಯೋರು’ ಅನ್ನುತ್ತಾಳೆ, ಗುಟ್ಟೆಯ ಮೇಲಿನ ಮುನೇಶ್ವರನ ಗುಡಿಗೆ ಹೋದರೂ ‘ಸ್ವಾಮಿ’ ಅಂತ ಕೈ ಮುಗಿದು ಬರುತ್ತಾಳೆ. ಆ ಹೆಸರು ಬರೆದಿದ್ದದ್ದು ಶಾಲೆಯ ಹಾಜರಿಯಲ್ಲಿ, ಆಧಾರ್ ಕಾರ್ಡಿನಲ್ಲಿ. ಕಾರ್ಡು ಅವತ್ತು ಅವನ ಜೇಬಿನಲ್ಲೇ ಇತ್ತು.

ಏನು ಕಂಡಿದ್ದೀಯೋ ಬರಿ. ಫೋನು ಮಾತ್ರ ಬೇಡ. ‘ಏನೂ ಬಂದಿಲ್ಲ’ ಅನ್ನುವುದನ್ನು ನಿನ್ನ ದನಿಯಲ್ಲಿ ಕೇಳಿ ಕೇಳಿ ಸಾಕಾಗಿದೆ. ಕೆಟ್ಟದ್ದೇ ಆದರೂ ಕಾಗದದಲ್ಲಿರಲಿ, ಒಬ್ಬಳೇ ಕೂತು ಓದಿಕೊಳ್ಳುತ್ತೇನೆ.

ಸುಕನ್ಯ


ಆಂಡರ್ಸನ್‌ಪೇಟೆ
24 ಜನವರಿ 2025

ಸುಕನ್ಯಾ,

ಬದುಕಿದ್ದಾನೆ. ಮೊದಲು ಇಷ್ಟು ಓದು, ಒಂದು ಲೋಟ ನೀರು ಕುಡಿ, ಆಮೇಲೆ ಉಳಿದದ್ದು.

ನಿನ್ನ ಉತ್ತರ ಬಂದ ದಿನವೇ ಮತ್ತೆ ಪರದೆ ತೆಗೆದೆ, ಈ ಸಲ ಪೂರ್ತಿ ದಾಖಲೆ ಸಿಕ್ಕಿತು. ಮುನಿಸ್ವಾಮಪ್ಪ ಬಿನ್ ಕೋದಂಡಪ್ಪ, ಚಿಕ್ಕಗುಟ್ಲಹಳ್ಳಿ, ಬಂಗಾರಪೇಟೆ ತಾಲ್ಲೂಕು. ಫೋಟೋದಲ್ಲಿ ಗಡ್ಡ ಬಂದಿದೆ, ಕೆನ್ನೆ ಒಳಗೆ ಹೋಗಿದೆ. ಆದರೆ ಆ ಹುಬ್ಬು ಅವನದೇ. ಸಾಹೇಬರಿಗೆ ತೋರಿಸಿ, ಅಲ್ಲಿಯ ಅಧಿಕಾರಿಗಳ ಜೊತೆ ಅವರೇ ಮಾತಾಡಿದ ಮೇಲೆ, ಅವರ ಒಪ್ಪಿಗೆ ತೆಗೆದುಕೊಂಡು ಬರೆಯುತ್ತಿದ್ದೇನೆ.

ಅವನು ಆಂಧ್ರದ ಒಂದು ಜೈಲಿನಲ್ಲಿದ್ದಾನೆ. ಗಾಬರಿಯಾಗಬೇಡ, ಪೂರ್ತಿ ಓದು. ಅವತ್ತು ಜಂಕ್ಷನ್ನಿನಲ್ಲಿ ಅವನಿಗೆ ಚಿಕ್ಕಂದಿನಿಂದ ಇರುವ ಆ ಮೂರ್ಛೆ ಬಂದಿರಬೇಕು. ಎದ್ದವನು ಯಾವ ರೈಲು ಅಂತ ನೋಡದೆ ಹತ್ತಿ, ಎಲ್ಲೋ ಇಳಿದು, ಇನ್ನೊಂದು ಹತ್ತಿ ಗಡಿಯಾಚೆ ಹೋಗಿದ್ದಾನೆ. ಅಲ್ಲಿ ಒಂದು ಸ್ಟೇಷನ್ನಿನಲ್ಲಿ ಯಾರೋ ಒಬ್ಬ ಬ್ಯಾಗು ಕೊಟ್ಟು ನೋಡಿಕೊಂಡಿರು ಅಂದನಂತೆ. ಇವನು ಇಡೀ ದಿನ ಅದರ ಪಕ್ಕದಲ್ಲಿ ಕೂತಿದ್ದಾನೆ. ಅದರೊಳಗೆ ಕದ್ದ ಫೋನುಗಳು. ರೈಲ್ವೆ ಪೊಲೀಸರು ಕೇಳಿದಾಗ ‘ನಂದಲ್ಲ, ಕಾಯ್ತಾ ಇದೀನಿ’ ಅಂದ ಅಂತ ಬರೆದಿದೆ. ಓದಿದಾಗ ನನಗೆ ಅಳುವೂ ಬಂತು, ನಗುವೂ ಬಂತು. ಚಿನ್ನಪ್ಪನ ಕೈಗೆ ಒಂದು ಕೆಲಸ ಕೊಟ್ಟರೆ ಸಾಕು, ಎದ್ದು ಹೋಗುವವನಲ್ಲ.

ನಾಲ್ಕೇ ತಿಂಗಳಲ್ಲಿ ಜಾಮೀನು ಸಿಕ್ಕಿತ್ತು. ಜಾಮೀನಿಗೆ ನಿಲ್ಲುವವರು ಯಾರೂ ಬರಲಿಲ್ಲ. ಜೈಲಿನವರು ‘ಮುನಿಸ್ವಾಮಪ್ಪನ ಮನೆಯವರಿಗೆ’ ಅಂತ ಊರಿಗೆ ಕಾಗದವನ್ನೂ ಹಾಕಿದ್ದಾರೆ. ‘ಈ ಹೆಸರಿನವರು ತೀರಿಹೋಗಿದ್ದಾರೆ’ ಎಂಬ ಷರಾ ಹೊತ್ತು ಅದು ವಾಪಸ್ ಬಂದಿದೆಯಂತೆ. ಯಾರ ಮನೆಗೆ ಹೋಯಿತೋ ಏನೋ. ಕಾಗದ ಹಿಂದಕ್ಕೆ ಬಂತು ಅಂತ ತಿಳಿದ ಮೇಲೆ ಅವನು ಮನೆಯ ಸುದ್ದಿ ಕೇಳುವುದನ್ನೇ ಬಿಟ್ಟನಂತೆ.

ಇನ್ನು ನನ್ನ ತಪ್ಪು. ನಿಮ್ಮ ದೂರನ್ನು ಕಂಪ್ಯೂಟರಿಗೆ ಹಾಕಿದವಳು ನಾನು. ಬೇರೆ ಯಾರೇ ಬಂದಿದ್ದರೂ ಆಧಾರ್ ತನ್ನಿ, ಟಿಸಿ ತನ್ನಿ ಅಂತ ಅಲೆಸುತ್ತಿದ್ದೆ. ನಿಮ್ಮನ್ನು ಅಲೆಸಬಾರದು, ನನ್ನವರು, ಅಂತ ಹೆಸರನ್ನು ಕೇಳಲೂ ಇಲ್ಲ. ಅವನ ಕೈಯಿಂದ ಎಷ್ಟು ಸಲ ಮಜ್ಜಿಗೆ ಇಸಿದುಕೊಂಡು ಕುಡಿದಿದ್ದೇನೆ, ನನಗೆ ಗೊತ್ತಿಲ್ಲವೇ ಅಂತ ಚಿನ್ನಪ್ಪ ಎಂದು ಹಾಕಿ ಮುಂದಕ್ಕೆ ಹೋದೆ. ಇಲ್ಲದ ಹೆಸರನ್ನು ಇಷ್ಟು ದಿನ ಹುಡುಕಿದ್ದೇನೆ. ಇದನ್ನು ಅಮ್ಮನ ಎದುರಿಗೇ ಹೇಳಬೇಕು.

ಫೆಬ್ರವರಿ ಎರಡು, ಭಾನುವಾರ, ನನಗೆ ರಜೆ. ಸೀರೆ ಉಟ್ಟುಕೊಂಡು ಬರುತ್ತೇನೆ. ಬಾಗಿಲು ಹಾಕಿದ್ದರೆ ಹಾಗೇ ತಿರುಗಿ ಹೋಗುತ್ತೇನೆ.

ಶಶಿ


ಚಿಕ್ಕಗುಟ್ಲಹಳ್ಳಿ
7 ಫೆಬ್ರವರಿ 2025

ಶಶಿ,

ನೀನು ಹೋದ ಮೇಲೆ ಅಮ್ಮ ಎರಡು ದಿನ ಹಸುವಿನ ಹತ್ತಿರ ಮಾತ್ರ ಮಾತಾಡಿದಳು. ಮೂರನೇ ದಿನ ನನ್ನನ್ನು ಕೂರಿಸಿಕೊಂಡು, “ಕಳ್ತನ ಮಾಡಾಕೆ ಅವ್ನಿಗೆ ಬರಾಕಿಲ್ಲ ಕಣಮ್ಮ. ಬೆಲ್ಲ ಕದ್ ತಿಂದ್ರೂ ತಾನೇ ಬಂದು ಏಳ್ತಿದ್ದ” ಅಂದಳು. ನಿನ್ನ ಬಗ್ಗೆ ಕೇಳಿದೆ. “ಆ ಉಡ್ಗಿ ಸಣ್ಣಗಾಗೋಗವ್ಳೆ, ಬಂದಾಗ ನೆಟ್ಟಗೆ ಊಟಕ್ಕಿಕ್ಕು” ಅಂದಳು. ಅವಳ ಲೆಕ್ಕದಲ್ಲಿ ನಿನ್ನ ಕೇಸು ಅಲ್ಲಿಗೆ ಮುಗಿಯಿತು. ನನ್ನದು ಇನ್ನೂ ಸ್ವಲ್ಪ ಬಾಕಿ ಇದೆ, ಇರಲಿ.

ನೀನು ನಿನ್ನ ತಪ್ಪು ಅಂತ ಬರೆದೆಯಲ್ಲ, ಈಗ ನಮ್ಮದನ್ನು ಕೇಳು. ಆ ದೂರಿನ ಪ್ರತಿ ನಮ್ಮ ಟ್ರಂಕಿನಲ್ಲೇ ಇತ್ತು. ಎಷ್ಟೋ ಸಲ ತೆಗೆದು ನೋಡಿದ್ದೇನೆ. ಚಿನ್ನಪ್ಪ ಅಂತ ಇದ್ದದ್ದು ನನ್ನ ಕಣ್ಣಿಗೆ ತಪ್ಪು ಅಂತ ಕಾಣಲೇ ಇಲ್ಲ. ಗೋಡೆಗೋಡೆಗೂ ಹಚ್ಚಿದ ಪೋಸ್ಟರಿನಲ್ಲೂ ಅದೇ ಹೆಸರು ಹಾಕಿಸಿದವಳು ನಾನೇ.

ಅದಕ್ಕಿಂತ ದೊಡ್ಡದೊಂದು ಇದೆ. ಜೈಲಿನಿಂದ ಬಂದ ಕಾಗದ ಯಾರ ಮನೆಗೆ ಹೋಯಿತೋ ಅಂತ ನೀನು ಬರೆದಿದ್ದೆಯಲ್ಲ. ನನಗೆ ನಿದ್ದೆ ಹತ್ತಲಿಲ್ಲ. ಅಂಚೆಯವನು ಡೈರಿಗೆ ಹಾಲು ಹಾಕಲು ಬಂದಾಗ ಕೇಳಿದೆ. ಅವನಿಗೆ ಚೆನ್ನಾಗಿ ನೆನಪಿತ್ತು. ಆಗ ಅವನು ನಮ್ಮೂರಿಗೆ ಹೊಸಬ.

“ಇಂಗ್ಲೀಷ್ನಾಗಿತ್ತಕ್ಕ. ಮುನಿಸ್ವಾಮಪ್ಪ ಅನ್ನೋರು ಅವ್ರಾ ಅಂತ ಬಾಗ್ಲಾಗೆ ನಿಂತ್ ಕೂಗ್ದೆ. ನಿಮ್ಮಮ್ಮ ಸಗಣಿ ಕೈಯಾಗೇ ಬಂದ್ರು. ಅವ್ರು ತೀರೋಗಿ ಅನ್ನೆಲ್ಡು ವರ್ಸ ಆಯ್ತು, ವಾಪಸ್ ಕಳ್ಸಪ್ಪ ಅಂದ್ರು. ಅಂಗೇ ಬರ್ದು ಕಳಿಸ್ದೆ.”

ತಾತ ತೀರಿಕೊಂಡು ಆಗ ಹನ್ನೆರಡು ವರ್ಷ. ಅವರ ಹೆಸರಿಗೆ ಆಗಾಗ ಜಮೀನಿನ ಕಾಗದ ಬರುತ್ತಿದ್ದದ್ದು ನಿಜ. ಇದೂ ಅಂಥದ್ದೇ ಅಂದುಕೊಂಡಿದ್ದಾಳೆ. ಮಗನ ಕಾಗದವನ್ನು ಬಾಗಿಲಿಂದಲೇ ತಿರುಗಿಸಿ ಕಳಿಸಿದ್ದಾಳೆ ಶಶಿ. ಆ ಮನೆಯಲ್ಲಿ ಆ ಹೆಸರಿನವನು ಇನ್ನೊಬ್ಬ ಇದ್ದಾನೆ ಅನ್ನುವುದೇ ಅವಳಿಗೆ ಹೊಳೆದಿಲ್ಲ. ನಾನು ಅವತ್ತು ಡೈರಿಯಲ್ಲಿದ್ದೆ. ಹತ್ತು ನಿಮಿಷ ಮುಂಚೆ ಮನೆಗೆ ಬಂದಿದ್ದರೆ ಆಗುತ್ತಿತ್ತು.

ಇದನ್ನು ಅಮ್ಮನಿಗೆ ನಾನು ಹೇಳುವುದಿಲ್ಲ. ನೀನೂ ಹೇಳಬೇಡ. ಅಂಚೆಯವನ ಬಾಯಿಗೂ ಬೀಗ ಹಾಕಿದ್ದೇನೆ.

ಮುಂದೇನು ಮಾಡಬೇಕು ಅಂತ ಬರಿ.

ಸುಕನ್ಯ


ಆಂಡರ್ಸನ್‌ಪೇಟೆ
26 ಫೆಬ್ರವರಿ 2025

ಸುಕನ್ಯಾ,

ನಿನ್ನ ಕಾಗದವನ್ನು ಆಫೀಸಿನಲ್ಲಿ ಓದಿ ಮಡಚಿ, ಮೇಜಿನ ಮೇಲೆ ತಲೆಯಿಟ್ಟೆ. ಪಕ್ಕದ ಮೇಜಿನ ಶ್ಯಾಮಲ “ಯಾರಾದರೂ ಹೋಗ್ಬಿಟ್ರಾ?” ಅಂತ ಕೇಳಿದಳು. ಇಲ್ಲ, ಒಬ್ಬರು ವಾಪಸ್ ಬರುತ್ತಿದ್ದಾರೆ ಅಂದೆ. ಅಮ್ಮನಿಗೆ ನನ್ನಿಂದ ಆ ಮಾತು ಹೋಗುವುದಿಲ್ಲ.

ಈಗ ಕೆಲಸದ ಮಾತು. ಉಚಿತ ಕಾನೂನು ನೆರವಿನ ವಕೀಲರು ಒಬ್ಬರು ಸಿಕ್ಕಿದ್ದಾರೆ, ಇಂದ್ರಾಣಿ ಅಂತ. ದನಿ ಗಟ್ಟಿ, ಕೆಲಸ ಅದಕ್ಕಿಂತ ಗಟ್ಟಿ. ಮೊದಲ ಸಲ ಸಿಕ್ಕಿಬಿದ್ದವರು ಶಿಕ್ಷೆಯ ಅವಧಿಯಲ್ಲಿ ಮೂರನೇ ಒಂದು ಭಾಗ ವಿಚಾರಣೆ ಮುಗಿಯದೆ ಒಳಗೇ ಕಳೆದಿದ್ದರೆ, ಜಾಮೀನಿಗೆ ಯಾರೂ ನಿಲ್ಲದಿದ್ದರೂ ಅವರವರ ಮುಚ್ಚಳಿಕೆಯ ಮೇಲೆ ಬಿಡಬಹುದು ಅನ್ನುತ್ತಾರೆ. ಚಿನ್ನಪ್ಪ ಆ ಗಡಿ ದಾಟಿ ಎಷ್ಟೋ ದಿನವಾಗಿದೆ. ಅವನು ಯಾರು, ಯಾವ ಊರು, ಯಾರ ಮಗ ಅನ್ನುವುದು ಮಾತ್ರ ಕೋರ್ಟಿಗೆ ಖಾತ್ರಿಯಾಗಬೇಕು.

ಅದಕ್ಕೆ ಅಮ್ಮ ಅಷ್ಟು ದೂರ ಹೋಗಬೇಕಾಗಿಲ್ಲ. ಮಾರ್ಚ್ ಹನ್ನೊಂದು, ಮಂಗಳವಾರ, ಬಂಗಾರಪೇಟೆ ಕೋರ್ಟಿನಲ್ಲಿ ವಿಡಿಯೋ ಇಟ್ಟಿರುವ ಕೋಣೆಗೆ ಬಂದರೆ ಸಾಕು. ಅಲ್ಲಿಯ ನ್ಯಾಯಾಧೀಶರು ಒಂದು ಪರದೆಯಲ್ಲಿ, ಜೈಲಿನಿಂದ ಅವನು ಇನ್ನೊಂದರಲ್ಲಿ ಇರುತ್ತಾರೆ. ಅಮ್ಮ ಅವನನ್ನು ನೋಡಿ ಗುರುತಿಸಬೇಕು. ಹೆಸರು ಕೇಳಿದಾಗ ಹೆಸರು ಹೇಳಬೇಕು. ನಿನಗೆ ಬಾಯಿ ಹಾಕುವ ಹಾಗಿಲ್ಲ. ನಿನ್ನ ಸ್ವಭಾವ ನೋಡಿದರೆ ಅದೇ ದೊಡ್ಡ ಪರೀಕ್ಷೆ.

ಆದರೆ ಅಮ್ಮ ಆ ಹೆಸರು ಹೇಳುತ್ತಾರಾ? ಆಧಾರ್ ನಂಬರು, ಶಾಲೆಯ ಕಾಗದ ಎಲ್ಲ ಒದಗಿಸಿದ್ದೇವೆ. ಆದರೂ ಹೆತ್ತವಳ ಬಾಯಲ್ಲಿ ಒಂದು ಹೆಸರು, ಜೈಲಿನಲ್ಲಿ ಇನ್ನೊಂದು ಹೆಸರು ಅಂತಾದರೆ ಮತ್ತೊಂದು ತಾರೀಖು ಬೀಳಬಹುದು ಅಂತ ಇಂದ್ರಾಣಿ ಮೇಡಂ ಹೆದರಿಸಿದ್ದಾರೆ. ಇವತ್ತಿನಿಂದಲೇ ಅಭ್ಯಾಸ ಮಾಡಿಸು.

ಅವತ್ತು ನಾನು ಇರಲಾರೆ. ಬೇರೆ ಕಡೆ ಬಂದೋಬಸ್ತಿಗೆ ಹಾಕಿದ್ದಾರೆ.

ಆ ‘ಏನಮ್ಮಾ’ ಬಗ್ಗೆ ಒಂದು ಮಾತು. ಅವತ್ತು ನನ್ನ ಹಿಂದೆ ಮೇಲಧಿಕಾರಿ ನಿಂತಿದ್ದರು. ಗೆಳತಿಗೆ ಅಂತ ಕೆಲಸ ಮಾಡುತ್ತಾಳೆ ಅಂದುಕೊಂಡಾರು ಎಂದು ಹೆದರಿ ಹಾಗಂದೆ. ಹೇಡಿತನ ಅಂದರೆ ಅದೇ. ನೀನು ಮೆಟ್ಟಿಲಿಳಿದು ಹೋಗುವುದು ಕಿಟಕಿಯಿಂದ ಕಾಣುತ್ತಿತ್ತು. ಎದ್ದು ಬರಲಿಲ್ಲ. ನನ್ನನ್ನು ಕ್ಷಮಿಸು.

ಶಶಿ


ಚಿಕ್ಕಗುಟ್ಲಹಳ್ಳಿ
12 ಮಾರ್ಚ್ 2025

ಶಶಿ,

ನೀನಿಲ್ಲದೆ ಎಂಥದ್ದು ತಪ್ಪಿಸಿಕೊಂಡೆ ಅಂತ ಬರೆಯಲೇಬೇಕು, ಕೂತು ಓದು.

ಅಭ್ಯಾಸ ಮಾಡಿಸು ಅಂದೆಯಲ್ಲ, ಹತ್ತು ದಿನ ಮಾಡಿಸಿದೆ. ಕೊಟ್ಟಿಗೆಯಲ್ಲಿ ನಿಲ್ಲಿಸಿ ಹೇಳು ಅಂದರೆ ‘ಮು’ ಅಂತ ಶುರು ಮಾಡಿ ಸೆರಗು ಬಾಯಿಗೆ ಇಟ್ಟುಕೊಳ್ಳುತ್ತಿದ್ದಳು. ಒಂದು ದಿನ ತಾತನ ಫೋಟೋಗೆ ಹೂ ಹಾಕಿ, “ಒಂದ್ಕಿತ ಏಳ್ತೀನಿ ಮಾವ, ಒಟ್ಟೆಗಾಕ್ಕೊಳ್ಳಿ” ಅಂತ ಅಪ್ಪಣೆಯನ್ನೂ ಕೇಳಿದಳು. ಅಪ್ಪಣೆ ಕೊಟ್ಟರೋ ಇಲ್ಲವೋ, ಅವತ್ತೂ ಬಾಯಿಗೆ ಬರಲಿಲ್ಲ.

ಹನ್ನೊಂದನೇ ತಾರೀಖು ಬೆಳಿಗ್ಗೆ ನೋಡಿದರೆ ಟಿಫನ್ ಕ್ಯಾರಿಯರಿನಲ್ಲಿ ಮುದ್ದೆ, ಹುರುಳಿ ಸಾರು ತುಂಬಿಕೊಂಡು ನಿಂತಿದ್ದಾಳೆ. ಅಮ್ಮಾ, ಅವನು ಅಲ್ಲಿರುವುದಿಲ್ಲ, ಟಿವಿಯಲ್ಲಿ ಬರುತ್ತಾನೆ ಅಂತ ಎಷ್ಟು ಹೇಳಿದರೂ, “ಕಾಣಿಸ್ತಾನಂದ್ಮೇಲೆ ಅಸಿವಾಗಾಕಿಲ್ವಾ?” ಅಂತ ನನ್ನನ್ನೇ ಗದರಿದಳು. ಕ್ಯಾರಿಯರ್ ಕೋರ್ಟಿಗೆ ಬಂತು.

ಪರದೆ ಬೆಳಗಿತು. ಒಂದು ಕಡೆ ನ್ಯಾಯಾಧೀಶರು, ಕನ್ನಡಕ ಹಾಕಿದ ಹೆಂಗಸು. ಇನ್ನೊಂದು ಕಡೆ ಒಂದು ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತ ಗಡ್ಡದವನು. ಅಮ್ಮ ನನ್ನ ಮುಂಗೈ ಹಿಡಿದಳು, ಬಳೆ ಒಡೆಯಿತು. ನ್ಯಾಯಾಧೀಶರು ತೆಲುಗಿನಲ್ಲಿ ಕೇಳಿದರು, ಬೆಂಚಿನ ಮೇಲಿರುವವರು ಯಾರು?

“ನನ್ ಮಗ ತಾಯಿ.”

ಹೆಸರು?

ಅಮ್ಮ ನನ್ನನ್ನು ನೋಡಿದಳು. ಇಂದ್ರಾಣಿ ಮೇಡಂ ಕಣ್ಣಲ್ಲೇ ನನ್ನ ಬಾಯಿ ಮುಚ್ಚಿಸಿದರು. ಎರಡನೇ ಸಲ ಕೇಳಿದರು.

“ನಮ್ ಮಾವನ್ ಎಸ್ರು ತಾಯಿ.”

ಸರಿ, ಅದು ಏನು ಅಂತ ಹೇಳಬೇಕಲ್ಲಮ್ಮ.

ಅಮ್ಮ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಕಣ್ಣು ಮುಚ್ಚಿ ಮೇಲಕ್ಕೆ ಕೈ ಮುಗಿದು ಏನೋ ಗೊಣಗಿದಳು. ಆಮೇಲೆ, ಕೆರೆಯ ಏರಿಯ ಆಚೆ ಇರುವವರನ್ನು ಕೂಗುವಷ್ಟು ಜೋರಾಗಿ, “ಮುನಿಸ್ವಾಮಪ್ಪ!” ಅಂದಳು. ಟೈಪ್ ಮಾಡುತ್ತಿದ್ದ ಗುಮಾಸ್ತರು ಬೆಚ್ಚಿಬಿದ್ದರು.

ಅಲ್ಲಿ ಬೆಂಚಿನ ಮೇಲಿದ್ದವನು ತಟ್ಟನೆ ಎದ್ದು ನಿಂತ. ಕೈ ಎರಡೂ ತೊಡೆಗೆ ಅಂಟಿಸಿ, ತಲೆ ಎತ್ತದೆ, “ಸಾರ್” ಅಂದ. ಜೈಲಿನಲ್ಲಿ ಎಣಿಸುವಾಗ ಹಾಗೇ ನಿಲ್ಲಬೇಕೇನೋ. ಅಮ್ಮನ ದನಿಯಲ್ಲಿ ಆ ಹೆಸರು ಅವನು ಹುಟ್ಟಿದ ಮೇಲೆ ಒಂದು ಸಲವೂ ಕೇಳಿಲ್ಲವಲ್ಲ, ಅವನಿಗೆ ಗುರುತು ಹತ್ತಲಿಲ್ಲ. ಮುಖ ಎತ್ತಿ ನೋಡಪ್ಪ ಅಂದರೂ ಎತ್ತಲಿಲ್ಲ. ಹೆಸರು ಹೇಳಿಸಿಯೂ ಸೋತೆವು ಅಂದುಕೊಂಡೆ.

ಆಗ ಅಮ್ಮ ಟಿವಿಯ ಹತ್ತಿರಕ್ಕೆ ಹೋದಳು, ಯಾರೂ ತಡೆಯಲಿಲ್ಲ. ಮೆಲ್ಲಗೆ ಕೇಳಿದಳು.

“ಲೋ ಚಿನ್ನೋಡಾ. ಉಂಡ್ಯೇನ್ಲಾ?”

ತಲೆ ಮೇಲೆದ್ದಿತು ಶಶಿ. ಆ ಕಡೆ ನೋಡಿದ, ಈ ಕಡೆ ನೋಡಿದ, ದನಿ ಎಲ್ಲಿಂದ ಬಂತು ಅಂತ ಬಾಗಿಲ ಕಡೆಗೂ ತಿರುಗಿದ.

“ಅಮ್ಮಾ, ಉಪ್ಪಿಟ್ಟು ಕೊಟ್ರಮ್ಮ” ಅಂದ.

“ಉಪ್ಪಿಟ್ಟಾ? ನೀನ್ ಅದ್ನ ಮೂಸಾಕಿಲ್ವಲ್ಲೋ.”

“ಈಗ ತಿಂತೀನಮ್ಮ.”

ಅಷ್ಟು ಹೇಳಿ ಇಬ್ಬರೂ ಅಳುವುದಕ್ಕೆ ಶುರು ಮಾಡಿದರು. ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡು, ಸಾಕಮ್ಮ, ಇದಕ್ಕಿಂತ ಬೇರೆ ಗುರುತು ನನಗೆ ಬೇಡ ಅಂದರು.

ಕೋರ್ಟಿನ ಆವರಣದ ಹುಣಸೆ ಮರದ ಕೆಳಗೆ ಕೂತು ಆ ಮುದ್ದೆಯನ್ನು ನಾವೇ ತಿಂದೆವು. ಅಮ್ಮ ಎರಡು ಮುದ್ದೆ ತಿಂದಳು. ಅವಳು ಹೊಟ್ಟೆ ತುಂಬ ಉಂಡದ್ದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತು.

ನಿನ್ನ ಕ್ಷಮೆಯ ವಿಷಯ ಈ ಗದ್ದಲದಲ್ಲಿ ಮರೆತುಹೋಯಿತು. ಮರೆತುಹೋದದ್ದನ್ನು ಮತ್ತೆ ಕೆದಕಬೇಡ.

ನಿನ್ನ
ಸುಕನ್ಯ


ರಾಬರ್ಟ್‌ಸನ್‌ಪೇಟೆ
14 ಮಾರ್ಚ್ 2025

ಸುಕನ್ಯಾ,

ಆಫೀಸಿನಲ್ಲೇ ಕೂತು ಬರೆಯುತ್ತಿದ್ದೇನೆ. ಅಂಚೆಗೆ ಕಾಯುವಷ್ಟು ಹೊತ್ತಿಲ್ಲ, ನಿಮ್ಮೂರ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಇವತ್ತೇ ಕಳಿಸುತ್ತೇನೆ. ಆದೇಶ ಆಗಿದೆ. ಮೊದಲಾಗಿದ್ದರೆ ಆ ಕಾಗದವನ್ನು ಯಾರೋ ಹೊತ್ತುಕೊಂಡು ಹೋಗಿ ಜೈಲಿಗೆ ಮುಟ್ಟಿಸಬೇಕಿತ್ತು, ನಡುವೆ ಹಬ್ಬ, ಭಾನುವಾರ ಬಂದರೆ ಮತ್ತಷ್ಟು ದಿನ. ಇದು ಕೋರ್ಟಿನ ಕಂಪ್ಯೂಟರಿನಿಂದ ಜೈಲಿನ ಕಂಪ್ಯೂಟರಿಗೇ ಹೋಗಿದೆ. ಸೋಮವಾರ ಬೆಳಿಗ್ಗೆ ಬಿಡುತ್ತಾರೆ. ನೀನು ಭಾನುವಾರವೇ ಹೊರಡು. ಅಕ್ಕ ಅನ್ನುವುದಕ್ಕೆ ನಿನ್ನ ಆಧಾರ್, ಅವನಿಗೆ ಒಂದು ಜೊತೆ ಬಟ್ಟೆ, ಚಪ್ಪಲಿ ಮರೆಯಬೇಡ. ಕೇಸು ಇನ್ನೂ ಮುಗಿದಿಲ್ಲ ಅನ್ನುವುದೂ ನೆನಪಿರಲಿ. ಮುಂದಿನ ತಾರೀಖುಗಳಿಗೆ ಬಂಗಾರಪೇಟೆಯಿಂದಲೇ ವಿಡಿಯೋದಲ್ಲಿ ಹಾಜರಾಗಲು ಇಂದ್ರಾಣಿ ಮೇಡಂ ಅನುಮತಿ ಕೇಳಿದ್ದಾರೆ. ಬ್ಯಾಗು ಕೊಟ್ಟವನ ಮುಖ ಕಡತದಲ್ಲಿದ್ದ ಸ್ಟೇಷನ್ನಿನ ಕ್ಯಾಮೆರಾ ಚಿತ್ರದಲ್ಲಿ ಸಿಕ್ಕಿದೆ, ಇವನು ಕೇಸಿನಿಂದ ಪಾರಾಗುವುದು ಕಷ್ಟವಾಗಲಾರದು ಅನ್ನುತ್ತಾರೆ.

ನಿಮ್ಮ ದೂರನ್ನು ತಿದ್ದಿದೆ. ‘ಮುನಿಸ್ವಾಮಪ್ಪ ಉರುಫ್ ಚಿನ್ನಪ್ಪ’. ಉರುಫ್ ಅಂತ ನಾವು ಬರೆಯುವುದು ಕಳ್ಳರಿಗೇ ಹೆಚ್ಚು, ಬೇಜಾರು ಮಾಡಿಕೊಳ್ಳಬೇಡ. ಇನ್ನೊಂದು ಮಾಡಿದ್ದೇನೆ. ಕಾಣೆಯಾದವರ ದೂರು ಬರೆಯುವ ಎಲ್ಲರಿಗೂ ಒಂದು ಹಾಳೆ ಕಳಿಸಲು ಸಾಹೇಬರನ್ನು ಒಪ್ಪಿಸಿದೆ. ಮನೆಯಲ್ಲಿ ಏನಂತ ಕರೆಯುತ್ತೀರಿ, ಶಾಲೆಯಲ್ಲಿ ಏನಿತ್ತು, ಹೇಳಬಾರದ ಹೆಸರು ಯಾವುದಾದರೂ ಇದೆಯಾ, ಇದ್ದರೆ ಮನೆಯ ಬೇರೆಯವರನ್ನು ಕೇಳಿ ಬರೆದುಕೊಳ್ಳಿ, ಅಂತ ಅದರಲ್ಲಿದೆ. ಮೊನ್ನೆ ಹಾಗೆ ಕೇಳಿದ್ದಕ್ಕೆ ಮಾಲೂರು ಕಡೆಯ ಒಬ್ಬ ಅಜ್ಜಿ ಆಗಲೇ ಪತ್ತೆಯಾಗಿದ್ದಾರೆ.

ನನಗೆ ತುಂಬ ಸಂತೋಷವಾಗಿದೆ. ಇದನ್ನು ಬೇರೆ ಹೇಗೆ ಬರೆಯಬೇಕೋ ಗೊತ್ತಿಲ್ಲ.

ನಿನ್ನ
ಶಶಿ


ಚಿಕ್ಕಗುಟ್ಲಹಳ್ಳಿ
6 ಏಪ್ರಿಲ್ 2025

ಪ್ರೀತಿಯ ಶಶಿ,

ಕರೆದುಕೊಂಡು ಬಂದು ಮೂರು ವಾರವಾಗುತ್ತಾ ಬಂತು. ನಿನ್ನ ನಂಬರಿನ ಬ್ಲಾಕ್ ತೆಗೆದಿದ್ದೇನೆ, ಅವತ್ತು ರೈಲಿನಲ್ಲಿ ನಿನ್ನ ಜೊತೆ ಮಾತಾಡಿಯೂ ಆಯಿತು. ಆದರೆ ಇದನ್ನು ಕಾಗದದಲ್ಲೇ ಬರೆಯಬೇಕು ಅಂತ ಅಮ್ಮನ ಅಪ್ಪಣೆ.

ಚಿನ್ನಪ್ಪ ಚೆನ್ನಾಗಿದ್ದಾನೆ ಅಂತ ಬರೆದರೆ ಸುಳ್ಳು, ಚೆನ್ನಾಗಿಲ್ಲ ಅಂದರೂ ಸುಳ್ಳು. ಊಟದ ತಟ್ಟೆ ಹಿಡಿದು ಸಾಲು ಇಲ್ಲದ ಕಡೆಯೂ ಸಾಲಿನಲ್ಲಿ ನಿಂತಂತೆ ನಿಲ್ಲುತ್ತಾನೆ. ಯಾರಾದರೂ ಜೋರಾಗಿ ಕರೆದರೆ ಕೈ ತೊಡೆಗೆ ಹೋಗುತ್ತದೆ. ಮೂರ್ಛೆಗೆ ಮಾತ್ರೆ ಶುರುವಾಗಿದೆ. ಬಂಗಾರಪೇಟೆಯಲ್ಲಿ ಇಳಿದ ದಿನ ಮೂರು ಪ್ಲೇಟ್ ಪಾನಿಪೂರಿ ತಿಂದು, ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ, “ಅಕ್ಕಾ, ಆ ಬ್ಯಾಗ್ನೋರು ಬಂದಿದ್ರಾ?” ನಾನು ಬಂದಿದ್ದರು ಕಣೋ, ತೆಗೆದುಕೊಂಡು ಹೋದರು ಅಂದೆ. ಒಂದು ಭಾರ ಇಳಿದವನಂತೆ ಇನ್ನೊಂದು ಪ್ಲೇಟ್ ಹೇಳಿದ.

ನಾವಿಬ್ಬರೂ ಮುಚ್ಚಿಟ್ಟಿದ್ದ ವಿಷಯ ಹೊರಗೆ ಬಿತ್ತು ಶಶಿ. ಬೀಳಿಸಿದವನು ಅವನೇ. ಯುಗಾದಿಯ ದಿನ ಅಮ್ಮ ಬೇವು ಬೆಲ್ಲ ಕೊಡುವಾಗ ಸುಮ್ಮನೆ ಕೇಳಿದ, “ಕಾಗ್ದ ಯಾಕಮ್ಮ ವಾಪಸ್ ಕಳಿಸ್ದೆ?” ಕೋಪದಿಂದಲ್ಲ, ಉಪ್ಪು ಎಲ್ಲಿಟ್ಟೆ ಅಂತ ಕೇಳುವ ಹಾಗೆ. ನಾನು ಒಲೆ ಆರಿಸಿಬಿಟ್ಟೆ.

ಅಮ್ಮ ಬಟ್ಟಲು ಕೆಳಗಿಟ್ಟು ಅವನ ಮುಖ ನೋಡಿದಳು. ಅವಳಿಗೆ ಅಲ್ಲೇ ಎಲ್ಲ ಅರ್ಥವಾಯಿತು. “ನಿನ್ ಎಸ್ರು ನಂಗೆ ಗೊತ್ತಾಗ್ಲಿಲ್ಲ ಮಗ” ಅಂದಳು.

“ಓ, ಅಷ್ಟೇನಾ” ಅಂದ ಅವನು. ಬೇವು ಬೆಲ್ಲ ಬಾಯಿಗೆ ಹಾಕಿಕೊಂಡು ಹಸುವಿಗೆ ಹುಲ್ಲು ಹಾಕಲು ಹೋದ.

ಅಮ್ಮ ಆಮೇಲೆ ಅತ್ತಳು. ನಾನೂ ಅತ್ತೆ. ಅಳು ಮುಗಿದ ಮೇಲೆ, ನನಗೆ ಹೇಳದೆ ಮುಚ್ಚಿಟ್ಟೆಯಲ್ಲ ಅಂತ ನನ್ನ ಬೆನ್ನಿಗೊಂದು ಬಿಟ್ಟಳು. ಈಗ ಮನೆಯಲ್ಲಿ ಯಾರ ಎದೆಯಲ್ಲೂ ಏನೂ ಇಲ್ಲ.

ಇವತ್ತು ಬೆಳಿಗ್ಗೆ ಹಾಲು ಕರೆದು ಬಂದವಳೇ, ಶಶಿಗೆ ಬರಿ, ನಾನು ಹೇಳಿದ ಹಾಗೇ ಬರಿ, ನಿನ್ನ ಮಾತು ಸೇರಿಸಬೇಡ ಅಂತ ಎದುರಿಗೆ ಕೂತಿದ್ದಾಳೆ. ಅವಳು ಹೇಳಿದ್ದು ಇದು.

“ಶಶಿ, ಊಟಕ್ಕೆ ಬಾ. ಅದು ಆಮ್ಯಾಕೆ. ಮೊದ್ಲು ನಮ್ಮನೇಗೆ ಒಂದ್ ಕಾಗ್ದ ಆಕು. ಒಳ್ಗೆ ಏನಾದ್ರೂ ಬರಿ, ನಿಮ್ ಆಂಡರ್ಸನ್‌ಪೇಟೆನಾಗೆ ನಲ್ಲೀಲಿ ನೀರು ಬತ್ತೈತಾ ಇಲ್ವಾ, ಅದ್ನೇ ಬರಿ. ಮ್ಯಾಲೆ ಮಾತ್ರ ಅವ್ನ ಪೂರಾ ಎಸ್ರು ಬರಿ. ಅಂಚೆಯೋನು ಬಂದು ನಮ್ ಬಾಗ್ಲಾಗೆ ನಿಂತು ಆ ಎಸ್ರು ಕೂಗ್ಬೇಕು. ‘ಅವ್ನೆ ಕಣಪ್ಪ, ಒಳ್ಗವ್ನೆ, ಕೊಡಿಲ್ಲಿ’ ಅಂತ ನಾನು ಕೈ ಚಾಚ್ಬೇಕು.”

ನಿನ್ನ
ಸುಕನ್ಯ